ಅಖ್ಮುದುವಿಗೆ ಸನ್ಮಾನ

ಪ್ಲಾಸ್ಟಿಕ್ ಹಾಳೆಯೊಂದನ್ನು ಸದ್ದಾಗದಂತೆ ಬಿಚ್ಚಲು ಹೋಗಿ ಯಾರೋ ಇನ್ನಷ್ಟು ಸದ್ದು ಮಾಡುತ್ತಿದ್ದರು. ಪ್ರಾರ್ಥನಾ ಕಣ್ಣು ತೆರೆಯದೆ ಕೇಳಿಸಿಕೊಂಡಳು. ದುಬೈನ ಡಿಸ್ಕವರಿ ಗಾರ್ಡನ್ಸ್‌ನ ಆ ಒಂದು ಬೆಡ್‌ರೂಮಿನ ಮನೆಯಲ್ಲಿ ಇಷ್ಟು ಹೊತ್ತಿನಲ್ಲಿ ಯಾರೋ ಎಂದರೆ ಗಂಡನೇ. ಎದ್ದು ಬಾಗಿಲ ಸಂದಿನಿಂದ ನೋಡಿದಳು. ನಿರಂಜನ ಬನಿಯನ್ನಿನಲ್ಲಿ ನಿಂತು, ಹಾಲಿನ ಮೂಲೆಯ ಉದ್ದನೆಯ ದೀಪದ ಮೇಲೆ ಒಂದು ಮೈಸೂರು ಪೇಟವನ್ನು ಎರಡೂ ಕೈಯಿಂದ ಇಳಿಸುತ್ತಿದ್ದ. ಇಳಿಸಿ, ಹಿಂದೆ ಸರಿದು, ದೀಪಕ್ಕೆ ಕೈಮುಗಿದು, ಅಲ್ಲಿ ಇಲ್ಲದ ಕ್ಯಾಮೆರಾದ ಕಡೆ ತಿರುಗಿ ಹಲ್ಲು ತೋರಿಸಿದ. ‘ಇನ್ ಅವರ್ ಮೈಸೂರ್, ಸರ್, ದಿಸ್ ಈಸ್ ಓನ್ಲಿ ಫಾರ್ ಕಿಂಗ್ಸ್’ ಎಂದು ಪಿಸುಗುಟ್ಟಿದ. ದನಿ ಸರಿಹೋಗಲಿಲ್ಲವೆಂದು ಕಾಣುತ್ತದೆ, ಪೇಟ ತೆಗೆದು ಮತ್ತೆ ಇಳಿಸಿದ. ಅವಳಿಗೆ ನಗು ಬರಲಿಲ್ಲ. ಬಂದದ್ದು ಒಂದು ಬಗೆಯ ನೆಮ್ಮದಿ. ಮದುವೆಯಾದ ಮೇಲೆ ಕ್ರಮೇಣ ಕಂಡುಕೊಂಡ ನೆಮ್ಮದಿ ಅದು. ಅವನನ್ನು ಹೀಗೆ, ಅವನಿಗೆ ಗೊತ್ತಾಗದಂತೆ, ಕೀಳಾಗಿ ನೋಡುವಾಗ ಮಾತ್ರ ಸಿಗುವಂಥದು.

ಪೇಟಗಳ ರಟ್ಟಿನ ಪೆಟ್ಟಿಗೆ ಅವರ ಮಂಚದ ಕೆಳಗೇ ಇತ್ತು. ನಿರಂಜನ ಕನ್ನಡ ಸಂಘದ ಕಾರ್ಯದರ್ಶಿಯಾದ ವರ್ಷದಿಂದ ಅದು ಅಲ್ಲಿಗೆ ಬಂದು ಕೂತಿದೆ. ರಾಜ್ಯೋತ್ಸವಕ್ಕೆ ಊರಿನಿಂದ ತರಿಸಿದ್ದರಲ್ಲಿ ಉಳಿದದ್ದನ್ನು ಬಂದವರ ತಲೆಗೆಲ್ಲ ಇಟ್ಟಾಗಿದೆ: ದುಬೈ ನೋಡಲು ಬಂದ ಶಾಸಕನಿಗೆ, ಮಿಮಿಕ್ರಿಯವನಿಗೆ, ಮೂತ್ರಕೋಶದ ಡಾಕ್ಟರಿಗೆ, ಒಮ್ಮೆ ಮುಖ್ಯ ಅತಿಥಿ ಕೈಕೊಟ್ಟಾಗ ಅವರನ್ನು ಕರೆತರಲು ಹೋಗಿದ್ದ ಡ್ರೈವರನಿಗೆ. ತಲೆಯೊಂದಿದ್ದರೆ ಸಾಕು. ಈ ಸಲದ ತಲೆ ಪಶ್ಚಿಮ ಆಫ್ರಿಕದ್ದು. ಮಾಲಿ ದೇಶದ ಮರುಭೂಮಿಯ ಗಿಟಾರ್ ವಾದಕ ಅಖ್ಮುದು. ವಯಸ್ಸು ಎಪ್ಪತ್ತರ ಹತ್ತಿರ. ನಿರಂಜನನ ಕಂಪನಿ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ನೋಡಿಕೊಳ್ಳುವ ಟವರುಗಳ ನಿವಾಸಿಗಳಿಗಾಗಿ ನಾಳೆ ಶುಕ್ರವಾರ ಸಂಜೆ ಸಂಗೀತ ಕಚೇರಿ. ಕೊನೆಯಲ್ಲಿ ಶಾಲು, ಹಣ್ಣು, ಪೇಟ ಕೊಟ್ಟು ಸನ್ಮಾನಿಸೋಣ ಎಂದು ಮೀಟಿಂಗಿನಲ್ಲಿ ಹೇಳಿದವನು ನಿರಂಜನ. ದೊಡ್ಡ ಸಾಹೇಬರು ‘ಲವ್ಲಿ’ ಎಂದರಂತೆ. ಕಚ್ಚಾ ಎಣ್ಣೆಯ ಬೆಲೆ ಬಿದ್ದ ವರ್ಷ. ಜುಮೇರಾ ಲೇಕ್ ಟವರ್ಸ್‌ನ ಅವನ ಆಫೀಸಿನಲ್ಲಿ ಅರ್ಧಕ್ಕರ್ಧ ಕುರ್ಚಿಗಳು ಖಾಲಿಯಾಗಿದ್ದವು, ಅವನ ಕುರ್ಚಿಯ ಮಾತು ಈ ತಿಂಗಳ ಕೊನೆಗೆ ಬರುವುದಿತ್ತು. ವೀಸಾ, ಮನೆ, ಕಾರು ಎಲ್ಲವೂ ಆ ಕುರ್ಚಿಗೆ ಕಟ್ಟಿದವು. ಅವನು ಹದಿನೈದು ದಿನದಿಂದ ಆ ಒಂದು ‘ಲವ್ಲಿ’ಯನ್ನು ಉಂಡು, ಅದನ್ನೇ ಹೊದ್ದು ಮಲಗುತ್ತಿದ್ದ.

ಮತ್ತೆ ಬಂದು ಮಲಗಿದವಳು ಫೋನ್ ಹಿಡಿದಳು. ವಾದಕನನ್ನು ಸಭೆಗೆ ಪರಿಚಯಿಸುವ ಕೆಲಸ ಅವಳದು. ಇಂಗ್ಲಿಷ್ ಎಂ.ಎ. ಎಂಬುದು ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ಉಪಯೋಗಕ್ಕೆ ಬಂದಿತ್ತು. ಒಂದು ಪುಟ ಬರೆದು, ಒಂದೊಂದು ಪದವನ್ನೂ ತೂಗಿ, ಮರುಭೂಮಿ ಎಂಬ ಮಾತು ಒಂದೇ ಸಲ ಬರುವಂತೆ ನೋಡಿಕೊಂಡಿದ್ದಳು. ಇನ್ನೇನಾದರೂ ಸೇರಿಸಬಹುದೇ ಎಂದು ಹುಡುಕುವಾಗ ಅದು ಸಿಕ್ಕಿತು. ಅಖ್ಮುದುವಿನ ಜನದಲ್ಲಿ ಪ್ರಾಯಕ್ಕೆ ಬಂದ ಗಂಡಸು ತಲೆಗೆ ಸುತ್ತಿದ ಬಟ್ಟೆಯಿಂದಲೇ ಬಾಯಿ ಮುಚ್ಚಿಕೊಳ್ಳುತ್ತಾನೆ. ಹಳಬರು ಪರಕೀಯರ ಎದುರು ಬಾಯಿ ಕಾಣಗೊಡುವುದಿಲ್ಲ, ತಿನ್ನುವುದೂ ಕುಡಿಯುವುದೂ ಬಟ್ಟೆಯ ಮರೆಯಲ್ಲೇ. ಇನ್ನೊಬ್ಬನ ಮುಂಡಾಸಿಗೆ ಕೈ ಹಾಕಿ ಬಿಚ್ಚುವುದಕ್ಕಿಂತ ದೊಡ್ಡ ಅವಮಾನ ಅವರಲ್ಲಿಲ್ಲ. ಎರಡು ಸಲ ಓದಿದಳು. ಹಾಲಿನಲ್ಲಿ ಪ್ಲಾಸ್ಟಿಕ್ ಮತ್ತೆ ಸರಸರ ಎಂದಿತು. ಮುಂಡಾಸು ತೆಗೆಯದೆ ಪೇಟ ಇಡುವುದು ಹೇಗೆ? ಬೆಳಿಗ್ಗೆ ಹೇಳಬೇಕು ಎಂದುಕೊಂಡು ಮಗ್ಗುಲು ಬದಲಿಸಿದಳು.

ಬೆಳಿಗ್ಗೆ ಹೇಳಲಾಗಲಿಲ್ಲ, ಅವನು ಫೋನಿನಲ್ಲೇ ಇದ್ದ. ಮಧ್ಯಾಹ್ನ ಕಾರು ಜೆಬೆಲ್ ಅಲಿ ದಾಟಿ ಎರಡೂ ಬದಿ ಮರಳು ಶುರುವಾದಾಗ ಅವಳು ಬಾಯಿ ತೆರೆದಳು.

"ರೀ, ಆ ಪೇಟದ ವಿಷಯ..."

"ನಾಲ್ಕು ಇಟ್ಕೊಂಡಿದೀನಿ ಕಣೆ. ತಲೆ ಸೈಜ್ ಗೊತ್ತಿಲ್ವಲ್ಲ."

"ಅದಲ್ಲ ಹೇಳಿದ್ದು..."

"ಹಾಂ, ಮರೆತೇಬಿಟ್ಟಿದ್ದೆ ನೋಡು. ಆ ಇಂಟ್ರೊಡಕ್ಷನ್ ಇದೆಯಲ್ಲ, ಅದನ್ನ ಪ್ರೋಗ್ರಾಮ್ ಮಾಡ್ಸೋ ಏಜೆನ್ಸಿ ಹುಡುಗಿ ಕೈಲಿ ಓದಿಸೋದು ಅಂತ ಆಗಿದೆ. ನೀನು ಬರೆದಿರೋದು ಚೆನ್ನಾಗಿದೆ, ಚೆನ್ನಾಗಿಲ್ಲ ಅಂತಲ್ಲ. ಆದ್ರೆ ನಿನ್ನ ಇಂಗ್ಲಿಷಲ್ಲಿ ಸ್ವಲ್ಪ ಮೈಸೂರು ಬರತ್ತೆ. ಸಾಹೇಬ್ರ ಹೆಂಡ್ತಿ ಮುಂದಿನ ಸಾಲಲ್ಲೇ ಕೂತಿರ್ತಾಳೆ."

ಅವಳು ಮಡಿಲಲ್ಲಿದ್ದ ಸೀರೆಯ ಸೆರಗನ್ನು ನೋಡಿದಳು. ಈ ಸಂಜೆಗೆಂದೇ ತೆಗೆದ ಮೆಂತ್ಯಕಾಳಿನ ಹಳದಿ ಬಣ್ಣದ ರೇಷ್ಮೆ. ಮೈಕಿನ ಮುಂದೆ ನಿಲ್ಲುವಾಗ ತೋರುವಂತೆ ಎಡಗೈಗೆ ಅಮ್ಮನ ಬಳೆಯನ್ನೂ ಹಾಕಿಕೊಂಡಿದ್ದಳು. ಪೂರ್ತಿ ಒಂದು ವಾರ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಆ ಪುಟವನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದ್ದು ಅವನಿಗೆ ಕೇಳಿಸಿರಲೇಬೇಕು. ಕೇಳಿಸಿಯೇ ಅವನು ಈ ತೀರ್ಮಾನಕ್ಕೆ ಬಂದಿರಬೇಕು. ‘ಕಿಂಗ್ಸ್’ ಎಂಬುದನ್ನು ಎಂಟು ಬಗೆಯಲ್ಲಿ ಹೇಳಿ ನೋಡಿದ ಬಾಯಿ ಅವಳ ಇಂಗ್ಲಿಷಿನಲ್ಲಿ ಊರನ್ನು ಹುಡುಕಿತ್ತು.

"ಅದಲ್ಲ ಅಂದ್ಯಲ್ಲ, ಏನು?" ಎಂದ.

"ಏನಿಲ್ಲ."

ಹೇಳಿದ ಕೂಡಲೇ ಎದೆ ಹಗುರವಾಯಿತು. ಮುಂಡಾಸನ್ನು ಅವನೇ ಬಿಚ್ಚಲಿ. ಸಾಹೇಬರ ಹೆಂಡತಿಯ ಮುಂದೆ, ಏಜೆನ್ಸಿ ಹುಡುಗಿಯ ಮುಂದೆ ಬಿಚ್ಚಲಿ. ಮುದುಕ ಕೈ ತಳ್ಳುತ್ತಾನೆ, ಬೈಯುತ್ತಾನೆ, ಬಹುಶಃ ಎದ್ದು ಹೋಗುತ್ತಾನೆ, ಇವನು ಪೇಟ ಹಿಡಿದುಕೊಂಡು ವೇದಿಕೆಯ ನಡುವೆ ಉಳಿಯುತ್ತಾನೆ. ಆ ಚಿತ್ರವನ್ನು ಅವಳು ರಸ್ತೆಯುದ್ದಕ್ಕೂ ನೋಡಿದಳು. ಅವನ ಕುರ್ಚಿ ಹೋದರೆ ತನ್ನ ವೀಸಾ, ಮನೆಯೂ ಹೋಗುತ್ತವೆ ಎಂಬುದು ಹೊಳೆಯದೆ ಇರಲಿಲ್ಲ. ಹೊಳೆದ ಮೇಲೂ ಮತ್ತೆ ಅದೇ ಚಿತ್ರ ಬಂತು. ಚಿತ್ರದಲ್ಲಿ ಮುದುಕನಿಗೆ ಮುಖವಿರಲಿಲ್ಲ. ಅವನು ನಿರಂಜನನ ಕೈ ತಳ್ಳುವುದಕ್ಕಷ್ಟೇ ಇದ್ದ.

ಟವರುಗಳ ನಡುವಿನ ತೋಟದಲ್ಲಿ ವೇದಿಕೆ. ಫೆಬ್ರವರಿಯ ತಂಪು. ಕೊಳವೆಯಿಂದ ನೀರು ಕುಡಿದು ಬೆಳೆದ ಹುಲ್ಲಿನ ಮೇಲೆ ಏಜೆನ್ಸಿಯವರು ಟ್ರಕ್ಕಿನಲ್ಲಿ ಮರಳು ತರಿಸಿ ಸುರಿದಿದ್ದರು, ಮರುಭೂಮಿಯಂತೆ ಕಾಣಲಿ ಎಂದು. ಮೈಕು, ತಂತಿಗಳ ಉಸ್ತುವಾರಿ ಕ್ಯಾಮಿಲಸ್‌ನದು; ಬಾರ್ಕೂರಿನವನು, ಸಂಘದ ಕಾರ್ಯಕ್ರಮಗಳಿಗೂ ಅವನೇ ಬರುವುದು. ಅವಳನ್ನು ಕಂಡು ಹತ್ತಿರ ಬಂದ.

"ಎಂತ ಮೇಡಂ, ಮದುಮಗಳ ಹಾಗೆ? ನೋಡಿ ಇವರ ಕತೆ. ಸೌಂಡ್ ಚೆಕ್ ಮಾಡಿ ಅಂದ್ರೆ ಒಂದು ತಂತಿ ಟಿಂಯ್ ಮಾಡಿ ಖಲಾಸ್ ಅಂತಾರೆ. ಚಾ ಮಾತ್ರ ಮೇಲಿಂದ ಮೇಲೆ. ಸಕ್ಕರೆ ಡಬ್ಬ ಮಾಫಿ, ಪೂರ್ತಿ ಖಾಲಿ! ಬಾಯಿಯೇ ಕಾಣುದಿಲ್ಲ ಮಾರಾಯ್ರೆ, ಮೈಕ್ ಎಲ್ಲಿಗೆ ಅಂತ ಇಡುದು ನಾನು?"

ವೇದಿಕೆಯ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದವನನ್ನು ಆಗಲೇ ಅವಳು ಸರಿಯಾಗಿ ನೋಡಿದ್ದು. ಬಿಳಿಯ ಮುಂಡಾಸನ್ನು ನೀರಿನ ಕೊಡದಷ್ಟು ದೊಡ್ಡದಾಗಿ ಸುತ್ತಿದ್ದ, ಅದರದೇ ಒಂದು ಸುತ್ತು ಮೂಗಿನ ಕೆಳಗೆ ಹಾದುಹೋಗಿತ್ತು. ಅವನು ಚಹಾದ ಲೋಟವನ್ನು ಬಟ್ಟೆಯ ಕೆಳಗಿನಿಂದ ಒಳಗೆ ಕೊಂಡೊಯ್ದು, ಕುಡಿದು, ಹೊರಗೆ ತಂದ. ಕಾಲಲ್ಲಿ ಹೋಟೆಲಿನ ಬಚ್ಚಲಿನಲ್ಲಿ ಕೊಡುವ ಬಿಳಿ ಚಪ್ಪಲಿ. ಅದನ್ನು ಕಂಡು ಅವಳಿಗೆ ಸಮಾಧಾನವಾಯಿತು. ಇವನೂ ಅಂಥವನೇ, ಸಿಕ್ಕಿದ್ದನ್ನು ಹಾಕಿಕೊಳ್ಳುವವನು.

"ಅವರು ಅದನ್ನ ತೆಗೆಯಲ್ಲ. ಬಟ್ಟೆ ಮೇಲಿಂದಾನೇ ಹಾಡ್ತಾರೆ," ಎಂದಳು.

"ನಿಮಗೆ ಹೇಗೆ ಗೊತ್ತುಂಟು?"

"ಓದಿದ್ದೆ."

"ಮತ್ತೆ ನಮ್ಮ ಸರ್ ಟೊಪ್ಪಿ ಇಡ್ಲಿಕ್ಕುಂಟು ಅಂತಿದ್ರಲ್ಲ? ಅವರಿಗೆ ಗೊತ್ತುಂಟಾ?"

"ಗೊತ್ತಿರಬೇಕು," ಎಂದಳು. ಎಷ್ಟು ಸಲೀಸಾಗಿ ಬಂತು ಆ ಮಾತು. ಕ್ಯಾಮಿಲಸ್ ತಲೆ ಆಡಿಸಿ ತನ್ನ ತಂತಿಗಳ ಕಡೆ ಹೋದ.

ಏಜೆನ್ಸಿ ಹುಡುಗಿ ಅವಳ ಪುಟದಿಂದ ಎರಡು ಸಾಲು ಓದಿ, ಉಳಿದದ್ದನ್ನು ಬಿಟ್ಟು, ಮರುಭೂಮಿ ಎಂಬ ಮಾತನ್ನು ತಾನೇ ಐದಾರು ಸಲ ಸೇರಿಸಿದಳು. ಜನ ಚಪ್ಪಾಳೆ ತಟ್ಟಿದರು. ಪ್ರಾರ್ಥನಾ ಮೊದಲ ಸಾಲಿನ ಅಂಚಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ನಿರಂಜನ, ತೊಡೆಯ ಮೇಲೆ ಶಾಲು ಪೇಟಗಳ ತಟ್ಟೆ, ಕೆಳಗೆ ಹಣ್ಣಿನ ಬುಟ್ಟಿ. ಅಖ್ಮುದು ಬಂದು ಕೂತು, ಯಾರಿಗೂ ನಮಸ್ಕರಿಸದೆ, ಒಂದೇ ತಂತಿಯನ್ನು ಮೀಟತೊಡಗಿದ. ಹಿಂದೆ ಅವನ ತಂಡದ ಮೂವರು, ಅವರೂ ಮುಖ ಮುಚ್ಚಿಕೊಂಡವರು. ಒಬ್ಬ ಅರ್ಧ ಸೋರೆ ಬುರುಡೆಯನ್ನು ಬೋರಲು ಹಾಕಿ ಗೆಣ್ಣಿನಿಂದ ಬಡಿಯುತ್ತಿದ್ದ. ರಾಗ ಮುಂದಕ್ಕೆ ಹೋಗುವುದೇ ಇಲ್ಲವಲ್ಲ ಎನಿಸಿತು ಅವಳಿಗೆ. ನಾಲ್ಕೇ ಸ್ವರ, ಹೋದ ದಾರಿಯಲ್ಲೇ ವಾಪಸು ಬಂದು, ಹೊಸ್ತಿಲಲ್ಲಿ ನಿಂತು, ಒಳಗೆ ಬರಲೊಲ್ಲದೆ ಮತ್ತೆ ಹೊರಟುಬಿಡುತ್ತದೆ. ನಿರಂಜನ ತಟ್ಟೆಯಂಚಿನ ಮೇಲೆ ಆದಿತಾಳ ಹಾಕತೊಡಗಿದ. ತಾಳ ತಪ್ಪಿತು. ಹಿಡಿದ, ಮತ್ತೆ ತಪ್ಪಿತು. ಸಿಕ್ಕಾಗ ಒಮ್ಮೆ ತಲೆ ಕುಣಿಸಿ ಸಾಹೇಬರ ಕಡೆ ನೋಡಿದ. ಸಾಹೇಬರು ಫೋನಿನಲ್ಲಿದ್ದರು. ಅವರ ಹೆಂಡತಿ ಕಣ್ಣು ಮುಚ್ಚಿ ತೂಗುತ್ತಿದ್ದಳು, ಕಾಲ ಬಳಿ ಮಕ್ಕಳು ಬಾಡಿಗೆಯ ಮರಳಿನಲ್ಲಿ ಗುಂಡಿ ತೋಡುತ್ತಿದ್ದವು. ಇವರೆಲ್ಲರ ಮುಂದೆ ಇದನ್ನು ನುಡಿಸುವುದಕ್ಕೆ ಬಂದನಲ್ಲ ಎಂದು ಅವಳು ಮುದುಕನನ್ನೂ ತಿರಸ್ಕರಿಸಿದಳು. ತಿರಸ್ಕಾರಕ್ಕೆ ಅವನು ಸಿಗಲಿಲ್ಲ. ಅವನು ಯಾರಿಗಾಗಿಯೂ ನುಡಿಸುತ್ತಿರಲಿಲ್ಲ. ಅಕ್ಕಿ ಆರಿಸುವ ಹೆಂಗಸಿನಂತೆ ತನ್ನ ಬೆರಳನ್ನೇ ನೋಡುತ್ತ, ಬಂದ ಸ್ವರವನ್ನು ಬೇಕೋ ಬೇಡವೋ ಎಂದು ಪಕ್ಕಕ್ಕಿಡುತ್ತಿದ್ದ. ಹಾಡುವಾಗ ಬಾಯಿಯ ಮುಂದಿನ ಬಟ್ಟೆ ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿತ್ತು. ಅಷ್ಟೇ ಕಾಣುತ್ತಿದ್ದುದು, ಬಟ್ಟೆಯ ಆ ಉಸಿರಾಟ.

ಅಪ್ಪನಿಗೂ ಪೇಟ ಇಟ್ಟಿದ್ದರು. ನಿವೃತ್ತಿಯ ದಿನ, ಒಂಟಿಕೊಪ್ಪಲಿನ ಶಾಲೆಯ ಅಂಗಳದಲ್ಲಿ. ಗಣಿತದ ಮೇಷ್ಟರ ತಲೆ ಚಿಕ್ಕದು, ಪೇಟ ಹುಬ್ಬಿನವರೆಗೆ ಇಳಿದು ಆಮೇಲೆ ಕಣ್ಣಿನ ಮೇಲೇ ಬಂದು ಕೂತಿತು. ಮೇಲಕ್ಕೆ ಸರಿಸಿಕೊಳ್ಳಲು ಕೈ ಇರಲಿಲ್ಲ, ಎರಡೂ ಕೈಯಲ್ಲಿ ಹಣ್ಣಿನ ಬುಟ್ಟಿ. ‘ಮೇಷ್ಟ್ರು ಮದುವಣಿಗನಾದ್ರು’ ಎಂದು ಹೆಡ್‌ಮಾಸ್ಟರ್ ಮೈಕಿನಲ್ಲಿ ಹೇಳಿದರು, ಊರೇ ನಕ್ಕಿತು. ಅಪ್ಪ ಏನೂ ಕಾಣದೆ, ನಗುವಿನ ಸದ್ದು ಬಂದ ಕಡೆಗೆ ಮುಖ ಮಾಡಿ, ಫೋಟೊ ಮುಗಿಯುವವರೆಗೆ ನಿಂತೇ ಇದ್ದರು. ಮನೆಯಲ್ಲಿ ಆ ಪೇಟ ಫ್ರಿಜ್ಜಿನ ಮೇಲೆ ಬಹಳ ದಿನ ಇತ್ತು, ಅಮ್ಮ ಅದರಲ್ಲಿ ನಿಂಬೆಹಣ್ಣು ಹಾಕಿಡುತ್ತಿದ್ದಳು. ಗೌರವಿಸುವವರು ಮೊದಲು ಕೈ ಕಟ್ಟಿಹಾಕುತ್ತಾರೆ.

"ಎದ್ದೆ ನೋಡು, ಫೋಟೊ ಸರಿಯಾಗಿ ಹಿಡಿ," ಎಂದ ನಿರಂಜನ. ಅವಳು "ರೀ" ಎಂದಳು. ಅಂದದ್ದು ಹೌದು. ಆದರೆ ಅವಳಿಗೇ ಕೇಳಿಸದಷ್ಟು ಮೆಲ್ಲಗೆ ಅಂದಿದ್ದಳು, ಕೇಳಿಸದಿರಲೆಂದೇ ಅಂದಂತೆ. ಅವನು ಆಗಲೇ ಮೆಟ್ಟಿಲ ಮೇಲಿದ್ದ.

ಶಾಲು ಹೊದಿಸಿದ್ದು ಚೆನ್ನಾಗಿಯೇ ಆಯಿತು. ಕ್ಯಾಮಿಲಸ್ ಬಂದು ಗಿಟಾರನ್ನು ಇಸಿದುಕೊಂಡ. ಅಖ್ಮುದು ಎದ್ದು ನಿಂತ, ಅವನ ತೋಳುಗಳಿಗೆ ಹಣ್ಣಿನ ಬುಟ್ಟಿ ಬಂತು. ನಿರಂಜನ ಪೇಟವನ್ನು ಎತ್ತಿ ಸಭೆಗೆ ತೋರಿಸಿ, ‘ಓನ್ಲಿ ಫಾರ್ ಕಿಂಗ್ಸ್’ ಎಂದು ಸರಿಯಾದ ದನಿಯಲ್ಲಿಯೇ ಹೇಳಿದ. ಪೇಟ ಮುಂಡಾಸಿನ ಮೇಲೆ ಕೂರಲಿಲ್ಲ. ಒತ್ತಿದ. ಜಾರಿತು. ಜನ ನಕ್ಕರು. ನಿರಂಜನನೂ ನಕ್ಕು, ಸಂಘದ ವೇದಿಕೆಗಳಲ್ಲಿ ಹಿರಿಯರ ಕನ್ನಡಕ ಸರಿಪಡಿಸುತ್ತಿದ್ದ ಅದೇ ಸಲಿಗೆಯಲ್ಲಿ, "ಒನ್ ಮಿನಿಟ್, ಸರ್" ಎಂದು ಎಡಗೈಯನ್ನು ಬಿಳಿ ಬಟ್ಟೆಯ ಒಳಗೆ ತೂರಿಸಿದ. ಆ ಕೈ ಮೇಲೆದ್ದ ಗಳಿಗೆಗೇ ಪ್ರಾರ್ಥನಾ ಮುಖ ತಿರುಗಿಸಿಬಿಟ್ಟಳು. ಫೋನು ತೊಡೆಗೆ ಬಿತ್ತು. ಮರಳಿನಲ್ಲಿ ತೋಡಿದ ಗುಂಡಿಯೊಂದನ್ನು ನೋಡುತ್ತ ಕೂತಳು. ಚಪ್ಪಾಳೆ ಬಂತು, ಯಾರೋ ಸಿಳ್ಳೆ ಹಾಕಿದರು. ಬೈಗುಳವಿಲ್ಲ, ನೂಕಾಟವಿಲ್ಲ. ಕಾರಿನಲ್ಲಿ ಕಂಡ ಚಿತ್ರದ ಒಂದು ಅಂಶವೂ ನಡೆಯಲಿಲ್ಲ.

ತಲೆಯೆತ್ತಿದಾಗ ಮೊದಲು ಕಂಡದ್ದು ಹಿಂದಿನ ಮೂವರ ಬೆನ್ನು. ಮೂವರೂ ಎದ್ದು, ಸಭೆಗೆ ಬೆನ್ನು ಹಾಕಿ, ಪರದೆಯ ಕಡೆ ಮುಖ ಮಾಡಿ ನಿಂತಿದ್ದರು. ಇದೂ ಕಾರ್ಯಕ್ರಮದ ಭಾಗವೆಂದು ಜನ ಇನ್ನಷ್ಟು ತಟ್ಟಿದರು. ನಡುವೆ ಅಖ್ಮುದು, ತಲೆಯ ಮೇಲೆ ಜರಿಯಂಚಿನ ಪೇಟ, ತೋಳ ತುಂಬ ಸೇಬು, ಕಿತ್ತಳೆ, ಅನಾನಸು. ಅವನ ಬಾಯಿ ಅಲ್ಲಿತ್ತು. ಚಿಕ್ಕದು, ತುಟಿ ತೆಳು, ಸುತ್ತ ಮೂರು ದಿನದ ಬಿಳಿ ಕುರುಚಲು ಗಡ್ಡ. ಯಾರದಾದರೂ ಆಗಬಹುದಾದ ಬಾಯಿ. ಅದು ತುಸು ತೆರೆದು ಮುಚ್ಚುತ್ತಿತ್ತು, ಏನೋ ಹೇಳುವುದಕ್ಕಲ್ಲ. ಗಾಳಿ ತಾಗಿದ್ದು ಹೊಸದೆಂಬಂತೆ. ಅವನು ಬುಟ್ಟಿಯನ್ನು ಬಿಸಾಡಬಹುದಿತ್ತು. ಬಿಸಾಡಲಿಲ್ಲ. ನಿಧಾನವಾಗಿ ಬಗ್ಗಿ, ಒಂದು ಹಣ್ಣೂ ಉರುಳದಂತೆ ಅದನ್ನು ನೆಲಕ್ಕಿಟ್ಟು, ಹೊದಿಸಿದ್ದ ಶಾಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು, ಪಕ್ಕದ ಮೆಟ್ಟಿಲಿಳಿದು ಹೋದ. ಕೊನೆಯ ಹಾಡು ಆಗಲಿಲ್ಲ. ಏಜೆನ್ಸಿ ಹುಡುಗಿ ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಊಟ ಎಲ್ಲಿದೆಯೆಂದು ತೋರಿಸಿದಳು.

ಮುಂಡಾಸು ವೇದಿಕೆಯ ಮೇಲೆ ಬಿದ್ದೇ ಇತ್ತು. ಪ್ರಾರ್ಥನಾ ಮೆಟ್ಟಿಲು ಹತ್ತಿ ಅದನ್ನು ಎತ್ತಿಕೊಂಡಳು. ಎಷ್ಟು ಸುರುಳಿ ಸುತ್ತಿದರೂ ಮುಗಿಯದಷ್ಟು ಉದ್ದ. ತೀರ ಅಗ್ಗದ ಬಟ್ಟೆ. ದುಬೈನ ದೇರಾದ ಗಲ್ಲಿಗಳಲ್ಲಿ ಗಜದ ಲೆಕ್ಕದಲ್ಲಿ ಮಾರುವಂಥದು, ಹೋಟೆಲಿನ ಶಾಂಪೂ ವಾಸನೆ. ಈ ಬಟ್ಟೆಗೆ ಇಷ್ಟೆಲ್ಲವೇ ಎಂದುಕೊಳ್ಳಲು ನೋಡಿದಳು, ಆಗಲಿಲ್ಲ. ಗಿಟಾರನ್ನು ಪೆಟ್ಟಿಗೆಗೆ ಹಾಕುತ್ತಿದ್ದ ಕ್ಯಾಮಿಲಸ್ ಕತ್ತೆತ್ತಿದ.

"ಸರ್‌ಗೆ ಗೊತ್ತಿರ್ಲಿಲ್ಲ ಅಲ್ವಾ ಮೇಡಂ?"

"ಗೊತ್ತಿದೆ ಅಂದ್ಕೊಂಡಿದ್ದೆ."

"ಹೌದಾ," ಎಂದ. ಅವನ ಕಣ್ಣು ಅವಳ ಕೈಯಲ್ಲಿದ್ದ ಬಟ್ಟೆಯ ಮೇಲೆ ಒಂದಿಷ್ಟು ಹೊತ್ತು ನಿಂತಿತು. "ಅವರು ಮಕ್ಕಳ ಆಟದ ರೂಮಲ್ಲಿದ್ದಾರೆ. ಹೋಗಿ ಕೊಟ್ಟು ಬನ್ನಿ. ನನ್ನಿಂದ ಆಗ್ಲಿಕ್ಕಿಲ್ಲ."

ಆಟದ ಕೋಣೆಯ ಗೋಡೆಯ ತುಂಬ ನಗುವ ಆನೆಗಳು. ಅಖ್ಮುದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ, ಶಾಲು ತಲೆಯ ಮೇಲಿಂದ ಇಳಿಬಿದ್ದಿತ್ತು. ಪೇಟವನ್ನು ಪಕ್ಕದ ಪುಟ್ಟ ಕುರ್ಚಿಯ ಮೇಲೆ ಜೋಪಾನವಾಗಿ ಇಟ್ಟಿದ್ದ. ಬುರುಡೆ ಬಾರಿಸುವವನು ಬಾಗಿಲ ಬಳಿ ಬಂದು ಅವಳ ಕೈಯಿಂದ ಬಟ್ಟೆ ತೆಗೆದುಕೊಂಡ. ಅವನಿಗೆ ತುಸು ಇಂಗ್ಲಿಷ್ ಬರುತ್ತಿತ್ತು. ಹೇಳಬೇಕಾದ ವಾಕ್ಯವನ್ನು ಅವಳು ದಾರಿಯಲ್ಲೇ ಕಟ್ಟಿಕೊಂಡಿದ್ದಳು: ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ಬಾಯಿಂದ ಬಂದದ್ದು ಬೇರೆ. "ನನ್ನ ಗಂಡನಿಗೆ ಗೊತ್ತಿರಲಿಲ್ಲ. ದಯವಿಟ್ಟು ಕ್ಷಮಿಸಿ," ಎಂದಳು.

ಅವನು ಒಳಗೆ ಹೋಗಿ ಬಟ್ಟೆಯನ್ನು ಬೆನ್ನ ಹಿಂದಿನಿಂದಲೇ ಕೊಟ್ಟ. ಮುದುಕ ತಿರುಗದೆ ಏನೋ ಕೇಳಿದ, ಇವನು ಉತ್ತರಿಸಿದ, ಮುದುಕ ಇನ್ನೂ ಒಂದೆರಡು ಮಾತಾಡಿದ. ಅವಳಿಗೆ ಓಡಿಹೋಗಬೇಕೆನಿಸಿತು. ಬೈಗುಳವಾದರೆ ಬರಲಿ, ಅದಕ್ಕೆ ಅವಳು ತಯಾರಿದ್ದಳು. ಬೈಗುಳ ಸಿಕ್ಕರೆ ಇಲ್ಲಿಗೆ ಮುಗಿಯುತ್ತದೆ.

"ಅವರು ಕೇಳ್ತಾರೆ, ಹಳದಿ ಬಟ್ಟೆಯ ಹೆಂಗಸು ನೀವೇನಾ ಅಂತ," ಎಂದ ಅವನು, ಒಂದೊಂದೇ ಪದ ಹುಡುಕುತ್ತ. "ಅವರು ನಿಮ್ಮನ್ನ ನೋಡಿದಾರೆ. ಎಲ್ಲರೂ ನೋಡ್ತಾ ಇದ್ರು, ಫೋನ್ ಎತ್ತಿ ನೋಡ್ತಾ ಇದ್ರು. ನೀವೊಬ್ರು ಮುಖ ತಿರುಗಿಸಿದ್ರಿ. ಬಟ್ಟೆ ಬೀಳೋಕೆ ಮುಂಚೇನೇ ತಿರುಗಿಸಿದ್ರಿ. ನಮ್ಮ ಮನೆ ಹೆಣ್ಣುಮಕ್ಕಳು ಹಾಗೆ ಮಾಡ್ತಾರೆ. ನಿಮ್ಮ ತಾಯಿ ನಿಮ್ಮನ್ನ ಚೆನ್ನಾಗಿ ಬೆಳೆಸಿದಾರೆ ಅಂತ ಹೇಳು ಅಂದ್ರು. ಥ್ಯಾಂಕ್ಯೂ ಅಂದ್ರು."

ಗೋಡೆಯ ಕಡೆ ಕೂತವನ ಕೈಗಳು ಬಿಳಿ ಬಟ್ಟೆಯನ್ನು ತಲೆಯ ಸುತ್ತ ತರುತ್ತಿದ್ದವು. ಅವಸರವಿರಲಿಲ್ಲ. ಒಂದು ಸುತ್ತು ಮುಖದ ಮುಂದೆ ಹಾದು ಮೇಲೆ ಹೋಯಿತು. ಈಗಲೂ ಹೇಳಬಹುದಿತ್ತು. ಹೇಳಿದರೆ ಈ ಸಂಜೆ ಅವನಿಗೆ ಉಳಿದಿರುವ ಒಂದೇ ಮುಖವನ್ನೂ ಕಿತ್ತುಕೊಂಡಂತೆ ಎಂದು ಯೋಚಿಸಿದಳು. ಯೋಚಿಸುತ್ತಿರುವಾಗಲೇ ಅದು ಎಷ್ಟು ಅನುಕೂಲವಾದ ಯೋಚನೆ ಎಂಬುದೂ ತಿಳಿಯಿತು. ಅವಳು ಕೈಮುಗಿದಳು. ಥ್ಯಾಂಕ್ಸನ್ನು ತೆಗೆದುಕೊಂಡಳು. ತನ್ನದಲ್ಲದ ಚೀಲವನ್ನು ಏರ್‌ಪೋರ್ಟಿನ ಬೆಲ್ಟಿನಿಂದ ಎತ್ತಿಕೊಂಡವಳಂತೆ, ಹಿಂದಿರುಗಿ ನೋಡದೆ ಕಾರಿಡಾರು ದಾಟಿದಳು.

"ಎಲ್ಲಿ ಹೋಗಿದ್ಯೆ? ಎಷ್ಟು ಹುಡುಕೋದು!" ನಿರಂಜನ ಕಾರಿನ ಬಳಿ ಕಾಯುತ್ತಿದ್ದ. ರಸ್ತೆಗೆ ಬಂದ ಮೇಲೆ ಅವನ ಮಾತು ನಿಲ್ಲಲೇ ಇಲ್ಲ. "ಸಾಹೇಬ್ರು ಕೈ ಹಿಡ್ಕೊಂಡು ಬಿಡ್ಲೇ ಇಲ್ಲ ಗೊತ್ತಾ. ಮುಂದಿನ ವರ್ಷಾನೂ ನೀನೇ ಮಾಡ್ಬೇಕು ಅಂದ್ರು. ಮುಂದಿನ ವರ್ಷ ಅಂದ್ರು ಕಣೆ! ಅಂದ್ರೆ ಅರ್ಥ ಏನು ಹೇಳು? ಅವರ ಹೆಂಡ್ತಿ ಅಂತೂ, ಹಿಂದಿನವರೆಲ್ಲ ಎದ್ದು ತಿರುಗಿ ನಿಂತರಲ್ಲ, ಅದನ್ನ ನೋಡಿ ಅತ್ತೇಬಿಟ್ಲಂತೆ. ಮುದುಕ ಸ್ವಲ್ಪ ಮುಖ ಗಂಟು ಹಾಕ್ಕೊಂಡ ಅನ್ಸತ್ತೆ, ಅಲ್ವಾ? ನಾಚಿಕೆ ಇರ್ಬೇಕು. ಹಳ್ಳಿ ಜನ. ಇಂಥ ಗೌರವ ಎಲ್ಲಿ ನೋಡಿರ್ತಾರೆ. ನಿನ್ನ ಹತ್ರ ಏನಾದ್ರೂ ಅಂದ್ರಾ?"

ಅವಳು ಅವನ ಮುಖವನ್ನು ನೋಡಿದಳು. ಡ್ಯಾಶ್‌ಬೋರ್ಡಿನ ಬೆಳಕಿನಲ್ಲಿ ಅದು ಪರೀಕ್ಷೆ ಪಾಸಾದವನ ಮುಖದಂತಿತ್ತು. ಎಂದಿನ ನೆಮ್ಮದಿಗಾಗಿ ತಡಕಿದಳು, ಸಿಗಲಿಲ್ಲ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ, ಅಷ್ಟರ ಮಟ್ಟಿಗೆ ಅವನು ಅವಳಿಗಿಂತ ಮೇಲಿದ್ದ. ಈಗ ಹೇಳಿದರೆ ಈ ಮುಖ ಇಳಿಯುತ್ತದೆ, ಇಳಿದು, ನಿನಗೆ ಮೊದಲೇ ಗೊತ್ತಿತ್ತಾ ಎಂದು ಕೇಳುತ್ತದೆ. ಥ್ಯಾಂಕ್ಸಿನ ಮಾತಷ್ಟನ್ನೇ ಹೇಳಿದರೆ ಅದೊಂದು ಒಳ್ಳೆಯ ಕತೆ. ಪಕ್ಕದ ಮನೆಯ ಎಲ್ಸಿಗೆ ಒಮ್ಮೆ, ಸಂಘದ ಹೆಂಗಸರಿಗೆ ಒಮ್ಮೆ, ಮೈಸೂರಿಗೆ ಹೋದಾಗ ಅಮ್ಮನಿಗೆ ಒಮ್ಮೆ. ಹೇಳುತ್ತ ಹೇಳುತ್ತ, ಪದಗಳನ್ನು ತೂಗುವುದು ಅವಳಿಗೆ ಬರುತ್ತದೆಯಲ್ಲ, ಮರ್ಯಾದೆಗೇ ಮುಖ ತಿರುಗಿಸಿದೆ ಎಂದು ಅವಳೇ ನಂಬುವ ದಿನವೂ ಬರುತ್ತದೆ. ಆ ದಿನ ಬರಬಾರದು ಎಂಬುದೊಂದೇ ಅವಳಿಗೆ ಸ್ಪಷ್ಟವಾಗಿತ್ತು. ಯಾರಿಗೂ ಹೇಳುವುದಿಲ್ಲ. ಇವನಿಗಿಲ್ಲ, ಎಲ್ಸಿಗಿಲ್ಲ, ಅಮ್ಮನಿಗಂತೂ ಇಲ್ಲ.

"ಏನೂ ಅನ್ನಲಿಲ್ಲ. ನಾನು ಅವರನ್ನ ನೋಡಲೇ ಇಲ್ಲ," ಎಂದಳು.